ಸಾಯೋ ಪಾರ್ಟು ಯಾರಿಗೂ ಬೇಡ

ಅಮೆರಿಕದಲ್ಲಿರುವ ನಮ್ಮ ಅಕ್ಕನ ಮಗ ಊರಿಗೆ ಬಂದಾಗಲೆಲ್ಲ ಗೆಟಿಸ್‌ಬರ್ಗ್ ಪುರಾಣ ಬಿಚ್ಚುತ್ತಾನೆ. ಅಲ್ಲಿನ ಅಂತರ್ಯುದ್ಧದಲ್ಲಿ, 1863ರ ಜುಲೈನಲ್ಲಿ ಮೂರು ದಿನ ನಡೆದ ಆ ಕಾಳಗವನ್ನು ಅಲ್ಲಿಯವರು ಈಗಲೂ ಬಯಲಿಗಿಳಿದು ಆಡಿ ತೋರಿಸುತ್ತಾರಂತೆ. ಸುಡುಬಿಸಿಲಲ್ಲಿ ಉಣ್ಣೆ ಕೋಟು, ಹೆಗಲಿಗೆ ಕಂಬಳಿ ಸುರುಳಿ, ಕೋವಿಯಲ್ಲಿ ಬರೀ ಮದ್ದು. ಪಕ್ಕದವನ ಕೋಟಿನ ಗುಂಡಿ ಆ ಕಾಲದ್ದು ಹೌದೋ ಅಲ್ಲವೋ ಎಂದು ಬಗ್ಗಿ ನೋಡುವ ಮಡಿವಂತರೂ ಇದ್ದಾರಂತೆ. ‘ಒಂದೇ ತಾಪತ್ರಯ ಮಾಮ, ಮೊದಲ ಸುತ್ತಿಗೇ ಸಾಯೋಕೆ ಯಾರೂ ಒಪ್ಪಲ್ಲ. ಅಷ್ಟು ದೂರದಿಂದ ಕಾರು ಹೊಡ್ಕೊಂಡು ಬಂದು, ಬಂದ ಕೂಡಲೇ ಹುಲ್ಲಿನ ಮೇಲೆ ಮಲಗು ಅಂದ್ರೆ ಯಾರು ಮಲಗ್ತಾರೆ?’

ನಾನು ನಕ್ಕೆ. ಈ ತಾಪತ್ರಯಕ್ಕೆ ವೀಸಾ ಬೇಕಿಲ್ಲ. ನಮ್ಮ ಶಾಲೆಗಳಲ್ಲಿ ಕಿತ್ತೂರಿನ ನಾಟಕ ಮಾಡಿಸಿದ ಯಾವ ಮೇಷ್ಟ್ರನ್ನಾದರೂ ಕೇಳಿ. ಚೆನ್ನಮ್ಮನಾಗಲು ಹುಡುಗಿಯರ ಸಾಲು, ರಾಯಣ್ಣನಾಗಲು ಹುಡುಗರ ಜಗಳ. 1824ರ ಅಕ್ಟೋಬರ್ 23ರಂದು ಗುಂಡು ತಿಂದು ಬೀಳಬೇಕಾದ ಬ್ರಿಟಿಷ್ ಅಧಿಕಾರಿ ಥ್ಯಾಕರೆಯ ಪಾರ್ಟಿಗೆ ಮಾತ್ರ ಪೆಪ್ಪರ್‌ಮಿಂಟಿನ ಆಸೆ ತೋರಿಸಬೇಕು. ಅವನೂ ಬೀಳುವ ಮೊದಲು ಟೋಪಿ ತೆಗೆದು ಪಕ್ಕಕ್ಕಿಟ್ಟು, ಚಡ್ಡಿಗೆ ಮಣ್ಣಾಗದ ಜಾಗ ನೋಡಿಕೊಂಡು ಬೀಳುತ್ತಾನೆ.

ಶಿರಾಳಕೊಪ್ಪದ ನಮಗೆ ರಾಜರ ಬರವೇನೂ ಇಲ್ಲ. ಪಕ್ಕದ ತಾಳಗುಂದದಲ್ಲಿ ಪ್ರಣವೇಶ್ವರನ ಗುಡಿ ಮುಂದಿನ ಕಂಬದ ಮೇಲೆ ಕುಬ್ಜನೆಂಬ ಕವಿ ಮಯೂರಶರ್ಮನ ಜಗಳವನ್ನು ಸಂಸ್ಕೃತದಲ್ಲಿ ಬರೆದಿಟ್ಟಿದ್ದಾನೆ. ಗುರು ವೀರಶರ್ಮನ ಜೊತೆ ಕಂಚಿಗೆ ಓದಲು ಹೋದವನು, ಪಲ್ಲವರ ಕುದುರೆ ಸವಾರನೊಬ್ಬನ ಜೊತೆ ತಕರಾರಾಗಿ, ದರ್ಭೆ ಹಿಡಿಯುವ ಕೈಯಲ್ಲಿ ಕತ್ತಿ ಹಿಡಿದ. ಅಲ್ಲಿಂದ ಕದಂಬರ ರಾಜ್ಯ. 1975ರಲ್ಲಿ ರಾಜ್‌ಕುಮಾರ್ ‘ಮಯೂರ’ನಾಗಿ ತೆರೆಗೆ ಬಂದ ಮೇಲಂತೂ ಈ ಸೀಮೆಯ ಪಡ್ಡೆ ಹುಡುಗರೆಲ್ಲ ಮಯೂರರೇ. ಬನವಾಸಿಯ ಕದಂಬೋತ್ಸವಕ್ಕೆ ಹೋಗಿ ನೋಡಿ, ಕಿರೀಟಕ್ಕೆ ಬರವಿಲ್ಲ. ಜಗಳ ತೆಗೆದು ಒಂದು ರಾಜವಂಶಕ್ಕೇ ಕಾರಣನಾದ ಆ ಸವಾರನ ಪಾರ್ಟು ಮಾಡುವವರು ಇನ್ನೂ ಹುಟ್ಟಬೇಕು.

ಆದರೆ ಈ ಸೀಮೆಯ ನಿಜವಾದ ಯುದ್ಧ ರಾಜರದ್ದಲ್ಲ, ದನಗಳದ್ದು. ಶಿಕಾರಿಪುರ, ಸೊರಬ ತಾಲೂಕುಗಳಲ್ಲಿ ಎಡವಿದರೆ ವೀರಗಲ್ಲು. ಶಾಸನತಜ್ಞ ರೈಸ್ ಸಾಹೇಬರು 1902 ಮತ್ತು 1904ರಲ್ಲಿ ಹೊರತಂದ ಎಪಿಗ್ರಾಫಿಯಾ ಕರ್ನಾಟಿಕದ 7 ಮತ್ತು 8ನೇ ಸಂಪುಟಗಳಲ್ಲಿ ಈ ಎರಡು ತಾಲೂಕಿನ ಶಾಸನಗಳಿವೆ. ತಿರುವಿದಲ್ಲೆಲ್ಲ ಯಾರೋ ತುರು ಹೊಡೆದುಕೊಂಡು ಹೋದರು, ಇನ್ಯಾರೋ ಬೆನ್ನಟ್ಟಿ ಬಿಡಿಸಿ ಸತ್ತರು. ಕಲ್ಲಿನ ಹತ್ತಿರ ಕೂತು ನೋಡಬೇಕು. ಕೆಳಗಿನ ಪಟ್ಟಿಯಲ್ಲಿ ಕಾಳಗ: ಮೊಣಕಾಲು ಮಡಿಸಿ ಬಿಲ್ಲೆಳೆದವನು, ಗುರಾಣಿ ಎತ್ತಿದವನು, ಕಾಲಡಿ ಒಂದು ಹೆಣ. ಮೂಲೆಯಲ್ಲಿ ಒಂದರ ಬೆನ್ನಿಗೊಂದು ಅಂಟಿ ನಿಂತ ದನಗಳು. ತಮಗಾಗಿಯೇ ಇಷ್ಟೆಲ್ಲ ರಾದ್ಧಾಂತ ಎಂಬ ಪರಿವೆಯೇ ಇಲ್ಲದ ಮುಖ. ನಡುವಿನ ಪಟ್ಟಿಯಲ್ಲಿ ಸತ್ತವನನ್ನು ಅಪ್ಸರೆಯರು ತೋಳು ಹಿಡಿದು ಕರೆದೊಯ್ಯುತ್ತಾರೆ. ಮೇಲೆ ಅವನು ಶಿವಲಿಂಗದ ಹತ್ತಿರ ಆರಾಮಾಗಿ ಕೂತಿದ್ದಾನೆ. ಹೀರೋ ಪಾರ್ಟು ಸಿಕ್ಕಿರುವುದು ಸತ್ತವನಿಗೇ. ಬದುಕಿ ಮನೆಗೆ ಹೋಗಿ ಉಂಡು ಮಲಗಿದವನಿಗೆ ಕಲ್ಲೂ ಇಲ್ಲ, ಅಪ್ಸರೆಯೂ ಇಲ್ಲ. ಈ ಲೆಕ್ಕಾಚಾರ ಗೊತ್ತಿದ್ದಿದ್ದರೆ ಗೆಟಿಸ್‌ಬರ್ಗಿನವರ ಸಮಸ್ಯೆ ಅರ್ಧ ಬಗೆಹರಿಯುತ್ತಿತ್ತು.

ಅಂಥ ಕಲ್ಲುಗಳ ಮೇಲೆ ಊರವರು ಬಟ್ಟೆ ಒಗೆದದ್ದೂ ಉಂಟು, ಕುಂಕುಮ ಹಚ್ಚಿದ್ದೂ ಉಂಟು. ನನಗೆ ಎರಡರಲ್ಲೂ ಆಕ್ಷೇಪವಿಲ್ಲ; ಜೆಸಿಬಿ ತಂದು ಬದುವಿಗೆ ತಳ್ಳುವುದಕ್ಕೆ ಮಾತ್ರ ಇದೆ.

ದನ ಓಡಿಸುವುದು, ದನ ಅಟ್ಟುವುದು ಈಗೆಲ್ಲಿ ಉಳಿದಿದೆ ಎನ್ನುತ್ತೀರಾ? ದೀಪಾವಳಿ ಕಳೆಯಲಿ. ಶಿಕಾರಿಪುರ, ಸೊರಬ, ಆಚೆ ಹಾವೇರಿ ಸೀಮೆಯಲ್ಲಿ ಹೋರಿ ಹಬ್ಬ ಶುರು. ಹೋರಿಯ ಕೊರಳಿಗೆ ಒಣ ಕೊಬ್ಬರಿ ಹಾರ, ಮೈಮೇಲೆ ಜರಿಯ ಜೂಲ, ಕೆಲವಕ್ಕೆ ನೆತ್ತಿಯ ಮೇಲೆ ಬಲೂನಿನ ಗೋಪುರ. ಒಂದೊಂದಕ್ಕೂ ಸಿನಿಮಾ ಪೋಸ್ಟರಿನಂಥ ಹೆಸರು, ಮೈಕಿನಲ್ಲಿ ಅದರ ವರ್ಣನೆ. ಹಗ್ಗ ಬಿಟ್ಟದ್ದೇ ತಡ, ಎರಡೂ ಬದಿ ಕಾದ ಹುಡುಗರು ಮೈಮೇಲೆ ಬಿದ್ದು ಕೊಬ್ಬರಿ ಕೀಳಬೇಕು. ಹೋರಿ ಯಾರ ಕೈಗೂ ಸಿಗದೆ ದಾಟಬೇಕು. ದಾಟಿದರೆ ಬಹುಮಾನ ಬೈಕೋ ಫ್ರಿಜ್ಜೋ. ಇದೇ ನಮ್ಮ ತುರುಗಾಳಗದ ಉಳಿಕೆ ಎಂಬುದು ನನ್ನ ಊಹೆ. ಪಂಡಿತರ ರುಜು ಕೇಳಬೇಡಿ. ಗುಂಡಿ ಆ ಕಾಲದ್ದೇ ಎಂದು ಯಾರೂ ಇಲ್ಲಿ ನೋಡುವುದಿಲ್ಲ. ಹುಡುಗರು ಜೀನ್ಸಿನಲ್ಲೇ ಇರುತ್ತಾರೆ. ಭಯ ಮಾತ್ರ ಹಳೆಯದೇ, ಅಸಲಿ.

ಅಸಲಿ ಎಂಬುದೇ ಇದರ ಕೇಡು ಕೂಡ. ಹೋರಿ ತಿವಿದು ಸತ್ತವರ ಸುದ್ದಿ ಹಬ್ಬದ ಸೀಸನ್ನಿನಲ್ಲಿ ಪತ್ರಿಕೆಯಲ್ಲಿ ಬರುತ್ತಲೇ ಇರುತ್ತದೆ, ಅವರಲ್ಲಿ ಎಷ್ಟೋ ಮಂದಿ ಬರೀ ನೋಡಲು ಬಂದವರು. ಕಂಬಳ, ಎತ್ತಿನ ಓಟಗಳಿಗೆ ಅವಕಾಶ ಕೊಡುವ ಕಾನೂನನ್ನು 2023ರ ಮೇ 18ರಂದು ಸುಪ್ರೀಂ ಕೋರ್ಟು ಎತ್ತಿ ಹಿಡಿದದ್ದೇನೋ ಸರಿ. ಕಾನೂನು ಬೇಲಿ ಕಟ್ಟಿಕೊಡುವುದಿಲ್ಲವಲ್ಲ.

ಆಟ ಅಸಲಿಯಾದರೆ ಏನಾಗುತ್ತದೆಂದು ನಮ್ಮ ಶಿಕಾರಿಪುರ ತಾಲೂಕಿನದೇ ಈಸೂರಿನವರನ್ನು ಕೇಳಬೇಕು. 1942ರಲ್ಲಿ ಬ್ರಿಟಿಷರ ಸರ್ಕಾರ ಒಲ್ಲೆವೆಂದು ತಮ್ಮದೇ ಸರ್ಕಾರ ಹೂಡಿದರು. ಅದರ ಅಮಲ್ದಾರ, ಸಬ್ ಇನ್‌ಸ್ಪೆಕ್ಟರ್ ಇಬ್ಬರೂ ಮೀಸೆ ಮೂಡದ ಹುಡುಗರು! ಮಕ್ಕಳಾಟವೆಂದು ನಕ್ಕವರಿದ್ದರೇನೋ. ನಿಜವಾದ ಅಮಲ್ದಾರರೂ ಸಬ್ ಇನ್‌ಸ್ಪೆಕ್ಟರೂ ಊರಿಗೆ ಬಂದಾಗ ಘರ್ಷಣೆಯಾಗಿ ಇಬ್ಬರೂ ಸತ್ತರು. 1943ರ ಮಾರ್ಚ್‌ನಲ್ಲಿ ಊರಿನ ಐವರನ್ನು ಗಲ್ಲಿಗೇರಿಸಿದರು. ಈ ಕಥೆಯನ್ನು ಆಡಿ ತೋರಿಸುವಾಗ ಆ ಐವರ ಪಾರ್ಟಿಗೆ ಪೆಪ್ಪರ್‌ಮಿಂಟು ಬೇಕಾಗುವುದಿಲ್ಲ ಎಂದು ನನ್ನ ನಂಬಿಕೆ.

ಇಷ್ಟು ಕೇಳಿಯೂ ಬರುವ ಮನಸ್ಸಿದ್ದರೆ ದೀಪಾವಳಿ ಕಳೆದ ಮೇಲೆ ಬನ್ನಿ. ಬೆಳಿಗ್ಗೆ ಬಳ್ಳಿಗಾವಿಯ ಕೇದಾರೇಶ್ವರನ ಆವರಣದಲ್ಲಿರುವ ಕಲ್ಲುಗಳನ್ನು ಸಾವಕಾಶ ನೋಡಿ, ಆಮೇಲೆ ಹೋರಿ ಬಿಡುವ ಊರಿಗೆ ಹೋಗಿ. ಬೇಲಿಯಿಂದ ಈಚೆಗೇ ನಿಲ್ಲಿ. ಸೆಲ್ಫಿಗೆಂದು ಓಣಿಗಿಳಿದರೆ ನಿಮಗೆ ವೀರಗಲ್ಲು ಹಾಕಿಸುವವರು ಈಗ ಯಾರೂ ಇಲ್ಲ.