ಅವ್ವನಿಗೆ ಊರು ಯಾವುದು?

ಲಾಂಗ್ ವೀಕೆಂಡ್ ಹತ್ತಿರ ಬಂತು ಅಂದ್ರೆ ಬೆಂಗಳೂರಿನ ಆಫೀಸುಗಳಲ್ಲಿ ಒಂದು ಪ್ರಶ್ನೆ ಗ್ಯಾರಂಟಿ: “ಊರಿಗೆ ಹೋಗ್ತಿದ್ದೀರಾ?” ಯಾವ ಊರು ಅಂತ ಯಾರೂ ಕೇಳೋದಿಲ್ಲ. ಎಲ್ಲರಿಗೂ ಒಂದು ಊರು ಇದ್ದೇ ಇರುತ್ತೆ, ಅಲ್ಲಿಗೆ ಹೋಗೋದು ಅಂದ್ರೆ ಖುಷಿ, ಮಕ್ಕಳ ಫ್ಲಾಟಿನಲ್ಲಿ ಕೂತಿರುವ ವಯಸ್ಸಾದ ಅಪ್ಪ-ಅಮ್ಮನಿಗಂತೂ ಹೋದ ಜೀವ ಬಂದ ಹಾಗೆ. ನಾವೆಲ್ಲ ನಂಬಿಕೊಂಡಿರುವ ಕಥೆ ಇದು. ಈ ಕಥೆಯಲ್ಲಿ ಅಪ್ಪ ಮತ್ತು ಅಮ್ಮ ಇಬ್ಬರೂ ಸೇರಿ ಒಬ್ಬರೇ ಆಗಿಬಿಟ್ಟಿರುತ್ತಾರೆ.

ನನ್ನ ಊರು ಯಾದಗಿರಿ ಜಿಲ್ಲೆಯ ಶಹಾಪುರ ತಾಲ್ಲೂಕಿನ ಒಂದು ಹಳ್ಳಿ. ಅವ್ವನ ತವರು ಸುರಪುರ ತಾಲ್ಲೂಕಿನಲ್ಲಿ, ಕೃಷ್ಣೆಗೆ ಹತ್ತಿರ. ಕಲಬುರಗಿಯಲ್ಲಿ ಬಿ.ಇ. ಮುಗಿಸಿ ನಾನು ಬೆಂಗಳೂರಿಗೆ ಬಂದು 14 ವರ್ಷ ಆಯ್ತು. ಅಪ್ಪ-ಅವ್ವ ನಮ್ಮ ಜೊತೆ ಇರಲು ಬಂದು ಮೂರು ವರ್ಷ. ಅಪ್ಪನಿಗೆ ಬಿಪಿ ಮತ್ತು ಸಕ್ಕರೆ, ಅವ್ವನಿಗೆ ಮೊಣಕಾಲು. ಹೋದ ಸಲ ಎಳ್ಳಮಾಸಿಗೆ (ಎಳ್ಳು ಅಮಾವಾಸ್ಯೆಗೆ ನಮ್ಮ ಕಡೆ ಹಾಗೇ ಅನ್ನೋದು) ಊರಿಗೆ ಹೋಗೋಣ ಅಂತ ಅಪ್ಪ ದೀಪಾವಳಿಯಿಂದಲೇ ಶುರು ಮಾಡಿದ್ದ. ಹೊರಡುವ ಹಿಂದಿನ ರಾತ್ರಿ ಅಸಲು ಮಾತು ಹೊರಗೆ ಬಂತು.

“ತಮ್ಮಾ, ಈ ಸಲ ಹೋದ್ರ ನಾವು ಹೊಳ್ಳಿ ಬರೂದಿಲ್ಲ. ಅಲ್ಲೇ ಇರ್ತೀವಿ.”

ನಾವು, ಬರೂದಿಲ್ಲ, ಇರ್ತೀವಿ. ಎಲ್ಲ ಬಹುವಚನ. ಅವ್ವ ಅಡುಗೆಮನೆಯಲ್ಲಿ ದಾರಿಗೆ ಅಂತ ರೊಟ್ಟಿ ಕಟ್ಟುತ್ತಿದ್ದಳು. ಏನೂ ಅನ್ನಲಿಲ್ಲ.

ಹೆಂಡತಿಗೆ ರಜೆ ಇರಲಿಲ್ಲ, ಮಗಳಿಗೆ ಶಾಲೆ. ಮೂವರೇ ಹೊರಟೆವು. ಹಿರಿಯೂರು, ಚಳ್ಳಕೆರೆ, ಬಳ್ಳಾರಿ, ಸಿರುಗುಪ್ಪ, ಸಿಂಧನೂರು, ಮಸ್ಕಿ, ಲಿಂಗಸುಗೂರು, ತಿಂಥಣಿ, ಸುರಪುರ, ಶಹಾಪುರ: ಸುಮಾರು 500 ಕಿ.ಮೀ. ಹಿರಿಯೂರು ದಾಟಿದ ಮೇಲೆ ರಾಷ್ಟ್ರೀಯ ಹೆದ್ದಾರಿ 150ಎ ಹಿಡಿದರೆ ಶಹಾಪುರದವರೆಗೂ ಅದೇ ರಸ್ತೆ. ವಯಸ್ಸಾದವರನ್ನು ಕೂಡಿಸಿಕೊಂಡು ಹೋಗುವಾಗ ಕಿಲೋಮೀಟರ್ ಲೆಕ್ಕ ಕೆಲಸಕ್ಕೆ ಬರೋದಿಲ್ಲ. ಗುಳಿಗೆ ಎಷ್ಟೊತ್ತಿಗೆ, ಊಟ ಎಷ್ಟೊತ್ತಿಗೆ, ಶೌಚಾಲಯ ಎಲ್ಲಿ, ಈ ಮೂರರ ಲೆಕ್ಕ ಹಾಕಬೇಕು.

ಹಿರಿಯೂರಿನ ಹತ್ತಿರ ತಿಂಡಿಗೆ ನಿಲ್ಲಿಸಿದಾಗ ಅವ್ವ ಇಡ್ಲಿ ತಿಂದಳು, ನೀರು ಮುಟ್ಟಲಿಲ್ಲ. ಚಹಾನೂ ಬೇಡ ಅಂದಳು. ಬಾಟಲಿ ಕೊಟ್ಟರೆ ತುಟಿ ಒದ್ದೆ ಮಾಡಿಕೊಂಡು ವಾಪಸ್ ಕೊಟ್ಟಳು. ಬಳ್ಳಾರಿವರೆಗೂ ಇದೇ ನಡೀತು. ಯಾಕವ್ವ ಅಂದ್ರೆ, “ದಾರ್‍ಯಾಗ ಎಲ್ಲಿ ಕುಂಡ್ರಲಿ?” ಅಂದಳು. ಬಸ್ಸಿನಲ್ಲಿ ಓಡಾಡಿದ ನಮ್ಮ ಕಡೆಯ ಹೆಣ್ಣುಮಕ್ಕಳಿಗೆ ಇದು ರೂಢಿ. ಪ್ರಯಾಣ ಅಂದ್ರೆ ಬಾಯಾರಿಕೆ ತಡೆದುಕೊಳ್ಳೋದು. ಅಲ್ಲಿಂದ ಮುಂದೆ ಒಂದೂವರೆ ತಾಸಿಗೊಮ್ಮೆ ಒಳ್ಳೆ ಪೆಟ್ರೋಲ್ ಬಂಕ್ ನೋಡಿ ನಿಲ್ಲಿಸಿದೆ. ಮೊದಲು ನಾನೇ ಇಳಿದು ಶೌಚಾಲಯ ನೋಡಿ ಬರೋದು, ಸರಿ ಇದ್ದರೆ ಅವಳನ್ನು ಕರೆಯೋದು. ಮೂರನೇ ಬಂಕ್ ಆದ ಮೇಲೆ ಧೈರ್ಯ ಬಂತು. ಎರಡು ಕಪ್ ಚಹಾ ಕುಡಿದಳು.

ಅಪ್ಪ ಮುಂದಿನ ಸೀಟಿನಲ್ಲಿ. ಸಿರುಗುಪ್ಪ ದಾಟಿ ತುಂಗಭದ್ರೆಯ ಸೇತುವೆ ಹಾಯ್ದ ಮೇಲೆ ಅವನ ಬಾಯಿ ಬಿಚ್ಚಿತು. ಸಿಂಧನೂರಿನ ಭತ್ತದ ಗದ್ದೆಗಳನ್ನು ನೋಡುತ್ತ 1972ರ ಬರದ ಮಾತು ತೆಗೆದ. ಆಗ ಅವನಿಗೆ ಹದಿನಾರು. ಬರಗಾಲದ ಕೆಲಸದಲ್ಲಿ ರಸ್ತೆಗೆ ಜಲ್ಲಿ ಒಡೆದದ್ದು, ಆಮೇಲೆ ಕೃಷ್ಣಾ ಮೇಲ್ದಂಡೆ ಯೋಜನೆಯ ಕಾಲುವೆ ಕೆಲಸಕ್ಕೆ ಮಣ್ಣು ಹೊರಲು ಹೋದದ್ದು. ಶಹಾಪುರದ ಹತ್ತಿರದ ಭೀಮರಾಯನಗುಡಿ ಆಗ ಯೋಜನೆಯ ಕ್ಯಾಂಪು. ವಾರದ ಬಟವಾಡೆ, ಜೀಪುಗಳು, ಇಂಜಿನಿಯರುಗಳು.

“ನಿನ್ನ ಇಂಜಿನಿಯರ್ ಮಾಡಬೇಕು ಅಂತ ಅನಿಸಿದ್ದು ಅಲ್ಲೇ ನೋಡು. ಅವ್ರು ಟೋಪಿಗಿ ಹಾಕ್ಕೊಂಡು ಬರೇ ಬಟ್ಟು ಮಾಡಿ ತೋರಸ್ತಿದ್ರು. ನಾವು ಅಗೀತಿದ್ವಿ.”

ಕಾರಿನಲ್ಲಿ ಇಬ್ಬರೂ ನಕ್ಕೆವು. ನಾನು ಈಗ ಮಾಡುವ ಕೆಲಸಕ್ಕೆ ಬಟ್ಟು ಮಾಡಿ ತೋರಿಸಲು ಕಾಲುವೆಯೂ ಇಲ್ಲ. ಮೂರು ವರ್ಷ ಒಂದೇ ಮನೆಯಲ್ಲಿದ್ದರೂ ಈ ಮಾತು ಅವನು ಹೇಳಿರಲಿಲ್ಲ. ಟಿವಿ ಇಲ್ಲದ ಹತ್ತು ತಾಸು ಬೇಕಾಯ್ತೇನೋ.

1982ರಲ್ಲಿ ನಾರಾಯಣಪುರದ ಬಸವಸಾಗರ ಅಣೆಕಟ್ಟು ಮುಗಿಯಿತು. ಕಾಲುವೆಗೆ ನೀರು ಬಂತು. ಅವ್ವನ ತವರಿನ ಹೊಲಗಳು ಗದ್ದೆಗಳಾದವು. ಆಂಧ್ರದಿಂದ ಬಂದವರು ಲಾವಣಿ ಹಿಡಿದು, ಕೊಂಡು, ಭತ್ತ ಹಾಕಿದರು. ಅವರ ವಸತಿಗಳಿಗೆ ಇವತ್ತಿಗೂ ಕ್ಯಾಂಪು ಅಂತಲೇ ಹೆಸರು. ಅಪ್ಪನ ಐದೆಕರೆ ಮಾತ್ರ ಕಾಲುವೆಗಿಂತ ಎತ್ತರದಲ್ಲಿತ್ತು. ನೀರು ಮೇಲೆ ಹತ್ತೋದಿಲ್ಲ. ತೊಗರಿ, ಹತ್ತಿ, ಜೋಳ, ಮಳೆ ಬಂದ್ರೆ ಬೆಳೆ. ಆ ಐದೆಕರೆಯಲ್ಲೇ ನನ್ನ ಹಾಸ್ಟೆಲ್ ಫೀಸು ಹುಟ್ಟಿದ್ದು.

ಲಿಂಗಸುಗೂರು ದಾಟಿ ತಿಂಥಣಿ ಬ್ರಿಜ್ ಹತ್ತಿರ ಬಂದಾಗ ಹೊತ್ತು ಇಳಿದಿತ್ತು. ಕೃಷ್ಣೆಯ ದಂಡೆಯಲ್ಲಿ ಮೌನೇಶ್ವರನ ಗುಡಿ. ಹಿಂದೂಗಳು, ಮುಸ್ಲಿಮರು ಇಬ್ಬರೂ ನಡೆದುಕೊಳ್ಳುವ ಜಾಗ. ಅವ್ವನ ತವರಿನ ದೇವರು. ಅಪ್ಪ ಕಾರಿನಲ್ಲೇ ಒರಗಿದ. ಅವ್ವ ಕೈಕಾಲು ತೊಳೆದುಕೊಂಡು, ದರ್ಶನ ಮಾಡಿ, ಹೊಳೆ ಕಡೆ ಮುಖ ಮಾಡಿ ಕಟ್ಟೆಯ ಮೇಲೆ ಕೂತಳು. ನಾನೂ ಕೂತೆ.

“ಯವ್ವಾ, ಅಪ್ಪ ಅಲ್ಲೇ ಇರ್ತೀವಿ ಅಂತಾನಲ್ಲ, ನಿಂಗೇನ ಅನಸ್ತದ?”

ಸ್ವಲ್ಪ ಹೊತ್ತು ಸುಮ್ಮನಿದ್ದಳು. ಆಮೇಲೆ ಅಂದಳು: “ನಿಮ್ಮಪ್ಪಗ ಊರಂದ್ರ ಕಟ್ಟಿ. ನಂಗ ಊರಂದ್ರ ಕೊಡ.”

ಬಿಡಿಸಿ ಹೇಳಬೇಕಾಗಿರಲಿಲ್ಲ, ಆದರೂ ಹೇಳಿದಳು. ಅಪ್ಪ ಊರಿಗೆ ಹೋದರೆ ಹನುಮಂತ ದೇವರ ಗುಡಿ ಮುಂದಿನ ಕಟ್ಟೆ, ಗೆಳೆಯರು, ಎಲೆ-ಅಡಿಕೆ, ಮಳೆ-ಬೆಳೆ, ರಾಜಕೀಯ. ಅವಳಿಗೆ ಬಾವಿ, ಆಮೇಲೆ ಬೋರಿಂಗು, ಆಮೇಲೆ ನಳ. ಮದುವೆಯಾಗಿ ಬಂದ 18ನೇ ವಯಸ್ಸಿನಿಂದ ನೀರು ಹೊತ್ತದ್ದು. ಬಸುರಿದ್ದಾಗಲೂ ಹೊತ್ತದ್ದು. ನಾನು ಹುಟ್ಟುವ ಹಿಂದಿನ ದಿನ ಎಷ್ಟು ಕೊಡ ತಂದಿದ್ದಳು ಅನ್ನೋದು ಅವಳಿಗೆ ಇನ್ನೂ ನೆನಪಿದೆ: ಎಂಟು.

“ಬೆಂಗಳೂರಾಗ ನಳ ತಿರುವಿದ್ರ ನೀರು ಬರ್ತದ. ಮೂರು ವರ್ಷದಾಗ ನಾ ಒಂದು ಕೊಡ ಎತ್ತಿಲ್ಲ. ಈ ಮಣಕಾಲು ತಗೊಂಡು ಮತ್ತ ಅಲ್ಲಿ ಹೋಗಿ ಏನ್ ಮಾಡ್ಲಿ?”

ನಮ್ಮ ಅಪಾರ್ಟ್‌ಮೆಂಟ್ ಪಕ್ಕ ಒಂದು ಕಟ್ಟಡ ಏಳುತ್ತಿದೆ. ಅಲ್ಲಿನ ತಗಡಿನ ಶೆಡ್ಡುಗಳಲ್ಲಿ ಸುರಪುರ, ಯಾದಗಿರಿ ಕಡೆಯಿಂದ ದುಡಿಯಲು ಬಂದ ಮಂದಿ ಇದ್ದಾರೆ. ಸಂಜೆ ಅವ್ವ ಅಲ್ಲಿಗೆ ಹೋಗಿ ಅವರ ಜೊತೆ ಕೂತು ಮಾತಾಡಿ ಬರುತ್ತಾಳೆ. ಅವರು ಅವಳಿಗೆ ಊರಿನ ಸುದ್ದಿ ಹೇಳುತ್ತಾರೆ, ಅವಳು ಅವರ ಮಕ್ಕಳನ್ನು ಆಡಿಸುತ್ತಾಳೆ. ಅವಳಿಗೆ ಬೇಕಾದಷ್ಟು ಊರು ಅಲ್ಲೇ ಸಿಕ್ಕಿತ್ತು.

ಸುರಪುರದ ಗುಡ್ಡ ಕಂಡಾಗ ಅಪ್ಪ ಮತ್ತೆ ಚುರುಕಾದ. ಬೇಡ ನಾಯಕರ ರಾಜಧಾನಿ ಇದು. ಗುಡ್ಡದ ಮೇಲೆ ಮೆಡೋಸ್ ಟೇಲರ್ ಕಟ್ಟಿಸಿದ ಟೇಲರ್ ಮಂಜಿಲ್ ಇದೆ. 1858ರಲ್ಲಿ ಬ್ರಿಟಿಷರ ವಿರುದ್ಧ ಎದ್ದ ರಾಜಾ ವೆಂಕಟಪ್ಪ ನಾಯಕ ಚಿಕ್ಕವನಿದ್ದಾಗ ಇಲ್ಲಿ ಆಡಳಿತ ನೋಡಿಕೊಂಡವನು ಇದೇ ಟೇಲರ್. ಅಪ್ಪ ಆ ಕಥೆಯನ್ನು ತನ್ನ ಕಾಕಾನದೇ ಸುದ್ದಿ ಎನ್ನುವ ಹಾಗೆ ಹೇಳಿದ. ಅವ್ವ ಹಿಂದಿನ ಸೀಟಿನಲ್ಲಿ ಕಿಟಕಿಯಿಂದ ನೋಡುತ್ತಿದ್ದಳು. ಸುರಪುರದ ಸಂತೆಗೆ ಅವಳ ಅಪ್ಪ ಅವಳನ್ನು ಬಂಡಿಯಲ್ಲಿ ಕರೆತಂದು ಬಳೆ ಇಡಿಸುತ್ತಿದ್ದನಂತೆ. ಒಂದೇ ರಸ್ತೆ. ಮುಂದಿನ ಸೀಟಿಗೆ ಕಾಣುವುದೇ ಬೇರೆ, ಹಿಂದಿನ ಸೀಟಿಗೆ ಕಾಣುವುದೇ ಬೇರೆ.

ಹತ್ತಿಗೂಡೂರು ದಾಟಿ ಶಹಾಪುರಕ್ಕೆ ಬಂದಾಗ ಮಬ್ಬಾಗಿತ್ತು. ಮಲಗಿದ ಬುದ್ಧನ ಗುಡ್ಡ ಅರ್ಧ ಕಾಣುತ್ತಿತ್ತು. ನಾಲ್ಕು ಗುಡ್ಡ ಸಾಲಾಗಿ ಬಂದು ಅಂಗಾತ ಮಲಗಿದ ಮನುಷ್ಯನ ಹಾಗೆ ಕಾಣುವ ಜಾಗ. ಈಗ ಎಲ್ಲರೂ ಅಲ್ಲಿ ಇಳಿದು ಸೆಲ್ಫಿ ತೆಗೆದುಕೊಳ್ಳುತ್ತಾರೆ.

ಊರಿನ ಮನೆ ಹೇಗಿರಬಹುದು ಅಂದುಕೊಂಡಿದ್ದೆನೋ ಹಾಗೇ ಇತ್ತು. ಮಾಳಿಗೆ ಮನೆ. ಹಿಂದಿನ ಗೋಡೆ ಮಳೆಗೆ ಕುಸಿದಿತ್ತು. ಬಾಗಿಲ ಮುಂದೆ ಹೊಸ ನಳ ಹಾಕಿದ್ದರು, ನೀರು ಎರಡು-ಮೂರು ದಿನಕ್ಕೊಮ್ಮೆ. ಅಪ್ಪ ಬಂದವನೇ ಗೋಡೆ ಮುಟ್ಟಿ ನೋಡಿ, “ಮೂವತ್ತು ಸಾವಿರದಾಗ ಆಗ್ತದ” ಅಂದ. ಅವ್ವ ಕಾಕಿಯನ್ನು ಕೇಳಿದ ಮೊದಲ ಮಾತು: “ನೀರ ಯಾವಾಗ ಬಿಡ್ತಾರ?”

ಮರುದಿನ ಎಳ್ಳಮಾಸಿ. ಸಜ್ಜಿ ರೊಟ್ಟಿ, ಬಜ್ಜಿ, ಶೇಂಗಾ ಹೋಳಿಗೆ, ಕಡಬು ಕಟ್ಟಿಕೊಂಡು ಹೊಲಕ್ಕೆ ಹೋದೆವು. ಹೊಲ ಕಾಕಾನ ಕೈಯಲ್ಲಿದೆ. ತೊಗರಿ ಕೊಯ್ಲಿಗೆ ಬಂದಿತ್ತು, ಒಂದು ಮೂಲೆಗೆ ಬಿಳಿಜೋಳ. ಅಪ್ಪ ನಾಲ್ಕೂ ದಿಕ್ಕಿಗೆ ಚರಗ ಚೆಲ್ಲಿದ. ಬೆಂಗಳೂರಿನಲ್ಲಿ ಲಿಫ್ಟಿನವರೆಗೆ ನಡೆದರೆ ಏದುಸಿರು ಬಿಡುವ ಮನುಷ್ಯ ಐದೆಕರೆ ಸುತ್ತು ಹಾಕಿ ಬಂದ. ಅದನ್ನು ನೋಡಿದ ಮೇಲೆ “ಬಾ, ವಾಪಸ್ ಹೋಗೋಣ” ಅನ್ನಲು ನನಗೆ ಬಾಯಿ ಬರಲಿಲ್ಲ. ಊಟಕ್ಕೆ ಕೂತಾಗ ಅವ್ವನೇ ಮಾತು ತೆಗೆದಳು.

“ನಾ ಹೊಳ್ಳಿ ಬೆಂಗಳೂರಿಗಿ ಹೋಗ್ತೀನಿ. ನೀವು ಇರ್ತಿದ್ರ ಇರ್‍ರಿ.”

ಅಪ್ಪ ತುತ್ತು ಹಾಗೇ ಹಿಡಿದುಕೊಂಡ. ಕಾಕಾ, ಕಾಕಿ ನೆಲ ನೋಡಿದರು. ಊರಿಗೆ ಮುಂಚೆ ಹೋಗೋದು ಗಂಡ, ಹಿಂದೆ ಹೋಗೋದು ಹೆಂಡತಿ ಅನ್ನೋ ಜಗತ್ತಿನಲ್ಲಿ ಇದು ಸಣ್ಣ ಮಾತಲ್ಲ.

“ಅಲ್ಲೇನು ನೀರ ಐಸಾ ಬರ್ತದನು? ಹೋದ ಬ್ಯಾಸಗ್ಯಾಗ ಟ್ಯಾಂಕರ್ ತರಿಸಿದ್ದು ಮರತೇನು?” ಅಂದ ಅಪ್ಪ.

“ಟ್ಯಾಂಕರ್ ಬಂತು. ನಾ ಹೊರಲಿಲ್ಲಲ್ಲ.”

ಇದಕ್ಕೆ ಅವನ ಹತ್ತಿರ ಉತ್ತರ ಇರಲಿಲ್ಲ. ನನ್ನ ಹತ್ತಿರವೂ. ಎರಡು ದಿನ ಮನೆಯಲ್ಲಿ ಬಿಗುವಿತ್ತು. ಅಪ್ಪ ಕಟ್ಟೆಗೆ ಹೋಗಿ ತಡವಾಗಿ ಬರುತ್ತಿದ್ದ. “ಮುದಿ ವಯಸ್ಸಿನ್ಯಾಗ ಗಂಡ-ಹೆಂಡ್ತಿ ಬ್ಯಾರೆ ಆದ್ರು ಅಂತಾರ ಮಂದಿ” ಅಂತ ಒಮ್ಮೆ ನನ್ನೆದುರು ಅಂದ. ಭಯ ಇದ್ದದ್ದು ಅಲ್ಲಿ. ಅವ್ವನಿಗೂ ಅದೇ ಭಯ ಇತ್ತು, ಆದರೂ ಅವಳು ಮಾತು ಬದಲಿಸಲಿಲ್ಲ.

ಮೂರನೇ ದಿನ ಅಪ್ಪನನ್ನು ಯಾದಗಿರಿಗೆ ಕರೆದುಕೊಂಡು ಹೋದೆ. ಸಕ್ಕರೆ ಟೆಸ್ಟ್ ಮಾಡಿಸೋದು ನೆಪ. 2009ರ ಕೊನೆಗೆ ಯಾದಗಿರಿ ಜಿಲ್ಲೆಯಾದರೂ ಅಪ್ಪನ ಬಾಯಲ್ಲಿ ಜಿಲ್ಲಾ ಅಂದ್ರೆ ಈಗಲೂ ಗುಲಬರ್ಗಾ. ಭೀಮಾ ನದಿಯ ಸೇತುವೆ ಮೇಲೆ ಹೋಗುವಾಗ ಅವನೇ ಕೇಳಿದ: “ನಿಮ್ಮವ್ವ ಇದನ್ನ ನಂಗ ಯಾವತ್ತೂ ಹೇಳಿಲ್ಲ. ನಿಂಗ ಹೇಳಿದ್ಲೇನು?”

“ತಿಂಥಣ್ಯಾಗ ಕೇಳಿದೆ, ಹೇಳಿದ್ಲು.”

“ಕೇಳಿದ್ರ ಹೇಳ್ತಾಳ ಹಂಗಾದ್ರ,” ಅಂದ. ಮತ್ತೆ ಮಾತಾಡಲಿಲ್ಲ.

ಕೊನೆಗೆ ಆದ ಒಪ್ಪಂದ ಇಷ್ಟು. ಅಪ್ಪ ಯುಗಾದಿವರೆಗೆ ಊರಲ್ಲಿ. ಊಟ ಪಕ್ಕದ ಕಾಕಾನ ಮನೆಯಲ್ಲಿ. ಗುಳಿಗೆ ಮೂರು ತಿಂಗಳಿಗಾಗುವಷ್ಟು ಡಬ್ಬಿಯಲ್ಲಿ. ಹದಿನೈದು ದಿನಕ್ಕೊಮ್ಮೆ ಕಾಕಾನ ಮಗ ಶಹಾಪುರಕ್ಕೆ ಕರೆದುಕೊಂಡು ಹೋಗಿ ಬಿಪಿ, ಸಕ್ಕರೆ ತೋರಿಸೋದು. ಗೋಡೆ ಕಟ್ಟಿಸೋದು, ಕಮೋಡ್ ಹಾಕಿಸೋದು, ಮಾಳಿಗೆ ಮೇಲೆ ಒಂದು ಸಿಂಟೆಕ್ಸ್, ಮೋಟರ್. ಖರ್ಚು ನನ್ನದು, ಉಸ್ತುವಾರಿ ಅಪ್ಪನದು. ನೀರು ಮನೆಯೊಳಗೆ ಬಂದ ಮೇಲೆ ಇರೋದೋ ಬಿಡೋದೋ ಅವ್ವ ನೋಡಿ ಹೇಳ್ತಾಳೆ. ಇದು ಒಳ್ಳೆಯ ಏರ್ಪಾಡೋ ಗೊತ್ತಿಲ್ಲ. ರಾತ್ರಿ ಅಪ್ಪನಿಗೆ ಏನಾದ್ರೂ ಆದರೆ ನಾನು 500 ಕಿ.ಮೀ. ದೂರದಲ್ಲಿರುತ್ತೇನೆ. ಆ ಲೆಕ್ಕ ನನ್ನ ತಲೆಯಲ್ಲಿ ದಿನಾ ಓಡುತ್ತಿರುತ್ತದೆ.

ನೀವೂ ಅಪ್ಪ-ಅಮ್ಮನನ್ನು ಊರಿಗೆ ಕರೆದುಕೊಂಡು ಹೋಗುವವರಾದರೆ ಒಂದೇ ಮಾತು. ಇಬ್ಬರನ್ನೂ ಬೇರೆ ಬೇರೆಯಾಗಿ ಕೇಳಿ. ಅಪ್ಪ ಹೇಳಿದ “ನಾವು” ಒಳಗೆ ಅಮ್ಮ ಇದ್ದಾಳೋ ಇಲ್ಲವೋ ಅಂತ ಅವಳನ್ನೇ ಕೇಳಿದರೆ ಮಾತ್ರ ಗೊತ್ತಾಗೋದು. ಹಾಗೆ ಕೇಳಲು ಕಾರು ಒಳ್ಳೆ ಜಾಗ, ಹೊಳೆ ದಂಡೆ ಇನ್ನೂ ಒಳ್ಳೇದು.

ಈಗ ದಿನಾ ಸಂಜೆ ಏಳಕ್ಕೆ ಅಪ್ಪನ ಫೋನ್ ಬರುತ್ತದೆ. ಅವ್ವ ಸ್ಪೀಕರ್ ಹಾಕಿಕೊಂಡು ಕೂರುತ್ತಾಳೆ. ಗುಳಿಗೆ ವಿಷಯ ನಾನು ಕೇಳಬೇಕು, ಅವಳು ಕೇಳೋದೇ ಬೇರೆ.

“ಇವತ್ತ ನಳ ಬಂದಿತ್ತೇನು? ಎಷ್ಟ ಕೊಡ ತಂದ್ರಿ?”

“ಎರಡು,” ಅನ್ನುತ್ತಾನೆ ಅಪ್ಪ. “ಸೊಂಟ ಹಿಡದದ.”