ಕೆಂಪಾಪುರದ ಮೀಸೆ, ಅರೂ ದ್ವೀಪದ ಮೀಸೆ

ಕೆಂಪಾಪುರದಲ್ಲಿ ಕಾಫಿ ಬೋರ್ಡ್ ಲೇಔಟ್ ಇದೆ, ಕಾಫಿ ತೋಟ ಇಲ್ಲ. ಬಳ್ಳಾರಿ ರಸ್ತೆಯ ಗದ್ದಲ ಬಿಟ್ಟು ಒಳಗೆ ಹೊರಳಿದರೆ ಸಿಗುವುದು ಪಿಜಿಗಳು, ದರ್ಶಿನಿಗಳು, ಹಾರ್ಡ್‌ವೇರ್ ಅಂಗಡಿಗಳು. ನಡುನಡುವೆ ಹಳೆಯ ಮನೆಗಳ ಕಾಂಪೌಂಡಿನಲ್ಲಿ ಹೇಗೋ ಉಳಿದುಕೊಂಡ ಮಾವಿನ ಮರಗಳು. ಅಂಥದ್ದೊಂದು ಮರದ ಪಕ್ಕ, ಮುಂಗಾರು ಹಿಡಿದ ಒಂದು ಸಂಜೆ, ಗೇಟಿನ ದೀಪದ ಕೆಳಗೆ ಕೂತಿದ್ದ ಜೀವಿಯನ್ನು ಕಂಡು ಛತ್ರಿ ಮಡಚುವುದನ್ನೇ ಮರೆತು ನಿಂತೆ. ಮೈ ಹೆಬ್ಬೆರಳಿನಷ್ಟು ಉದ್ದ. ಮೀಸೆ ಮಾತ್ರ ಮೈಯನ್ನೂ ಮೀರಿ ಹಿಂದಕ್ಕೆ ಬಾಗಿತ್ತು.

“ಮಾವಿನ ಮರ ಕೊರೆಯೋ ಹುಳ ಸಾರ್, ತುಳಿದುಬಿಡಿ” ಎಂದರು ಮನೆಯಾಕೆ. ಅವರ ಸಿಟ್ಟು ನ್ಯಾಯವಾದದ್ದೇ. ಕಾಂಡದಿಂದ ಉದುರಿದ ಹೊಟ್ಟು ಮರದ ಬುಡದಲ್ಲಿ ಗುಡ್ಡೆಬಿದ್ದಿತ್ತು. ಆದರೂ ಎತ್ತಿ ಅಂಗೈಯಲ್ಲಿಟ್ಟುಕೊಂಡೆ. ತಕ್ಷಣ ಅದು ಕಿರ್ರ್, ಕಿರ್ರ್ ಎಂದು ಕೂಗತೊಡಗಿತು. ಬಾಯಿಂದ ಬರುವ ಕೂಗಲ್ಲ. ಎದೆಯ ಮುಂಭಾಗವನ್ನು ಹಿಂದಿನ ಗೀರುಗಳ ಮೇಲೆ ಉಜ್ಜಿ ಹೊರಡಿಸುವ ಸದ್ದು. ಬೂದುಗಂದು ಬಣ್ಣದ ಮೈ, ಕತ್ತಿನ ಫಲಕದ ಮೇಲೆ ಎದುರುಬದುರಾಗಿ ಬಾಗಿದ ಎರಡು ಕೇಸರಿ ಮಚ್ಚೆ, ಎಡಬಲಕ್ಕೆ ಒಂದೊಂದು ಮುಳ್ಳು, ರೆಕ್ಕೆಕವಚ ಶುರುವಾಗುವ ಕಡೆ ಹೊಳೆಯುವ ಕರಿ ಕಾಳುಗಳ ಗುಂಪು. ಎಲ್ಲಕ್ಕಿಂತ ವಿಚಿತ್ರ ಅದರ ಕಣ್ಣು. ಮೀಸೆಯ ಬುಡಕ್ಕೆ ಜಾಗ ಬಿಟ್ಟುಕೊಡಲೆಂದೇ ಕಣ್ಣು ಒಂದು ಕಡೆ ಕಚ್ಚಾಗಿ, ಬುಡವನ್ನು ಬಳಸಿಕೊಂಡು ನಿಂತಿದೆ.

ಇದಕ್ಕೆ ಹೆಸರಿಟ್ಟವನು ಸ್ವೀಡನ್ನಿನ ಕಾರ್ಲ್ ಡಿ ಗೀರ್, 1775ರಲ್ಲಿ. ಇವತ್ತಿನ ಹೆಸರು ಬಟೊಸೆರಾ ರುಫೊಮ್ಯಾಕ್ಯುಲೇಟಾ. ಉದ್ದಮೀಸೆಯ ಜೀರುಂಡೆಗಳ ಈ ಕುಟುಂಬದಲ್ಲಿ ಈವರೆಗೆ ಹೆಸರು ಪಡೆದ ಪ್ರಭೇದಗಳು ಸುಮಾರು 35,000. ಹೆಸರಿಲ್ಲದೆ ಉಳಿದವು ಬಹುಪಾಲು ಉಷ್ಣವಲಯದ ಕಾಡುಗಳಲ್ಲಿವೆ, ಅದರಲ್ಲೂ ದ್ವೀಪಗಳಲ್ಲಿ. ದ್ವೀಪಗಳಲ್ಲೇ ಏಕೆ ಎಂಬುದಕ್ಕೆ ಉತ್ತರ ಆ ಮಾವಿನ ಬುಡದ ಹೊಟ್ಟಿನಲ್ಲೇ ಇತ್ತು. ಈ ಹುಳುಗಳ ಬಾಲ್ಯವೆಲ್ಲ ಮರದೊಳಗೆ ಕಳೆಯುತ್ತದೆ, ತಿಂಗಳುಗಟ್ಟಲೆ, ಕೆಲವಕ್ಕೆ ವರ್ಷಕ್ಕೂ ಮೀರಿ. ನೆರೆಗೆ ಕಿತ್ತುಹೋದ ಮರವೊಂದು ಸಮುದ್ರ ಸೇರಿದರೆ ಒಳಗಿನ ಮರಿಗೆ ಅದೇ ಹಡಗು, ಅದೇ ಬುತ್ತಿ. ಎಲ್ಲೋ ದಡ ಮುಟ್ಟಿ, ರೆಕ್ಕೆ ಮೂಡಿ, ಜೊತೆ ಸಿಕ್ಕರೆ ಹೊಸ ಸಂಸಾರ. ಆಮೇಲೆ ಸಾವಿರಾರು ವರ್ಷ ಮೂಲ ಊರಿನ ಸಂಪರ್ಕವಿಲ್ಲ. ಮಚ್ಚೆ ಬದಲಾಗುತ್ತದೆ, ಮುಳ್ಳು ಬದಲಾಗುತ್ತದೆ, ಕೆಲವು ಹಾರುವುದನ್ನೇ ಬಿಡುತ್ತವೆ. ಹಾಗೆ ಒಂದು ಪ್ರಭೇದ ಎರಡಾಗುತ್ತದೆ.

ಮನುಷ್ಯ ಈ ಪಯಣವನ್ನು ವೇಗಗೊಳಿಸಿದ. ನಮ್ಮ ಮಾವಿನ ಕಾಂಡಕೊರಕ ಇವತ್ತು ಮಾರಿಷಸ್, ಮಡಗಾಸ್ಕರ್‌ಗಳಲ್ಲೂ ಇದೆ, ಭೂಮಿಯ ಆಚೆ ಬದಿಯ ವರ್ಜಿನ್ ದ್ವೀಪಗಳಲ್ಲೂ ಇದೆ. ಇದರ ಸೋದರ ಸಂಬಂಧಿಯಾದ ಚೀನಾ ಕಡೆಯ ಉದ್ದಮೀಸೆಯೊಂದು ಸರಕಿನ ಪೆಟ್ಟಿಗೆಗಳ ಮರದಲ್ಲಿ ಅಡಗಿ ಹೋಗಿ 1996ರಲ್ಲಿ ನ್ಯೂಯಾರ್ಕಿನ ಬ್ರೂಕ್ಲಿನ್‌ನಲ್ಲಿ ಪತ್ತೆಯಾದಾಗ ಅಮೆರಿಕ ಬೆಚ್ಚಿಬಿತ್ತು. 2002ರಲ್ಲಿ ಸರಕು ಕಟ್ಟುವ ಮರಕ್ಕೆಂದೇ ಅಂತರರಾಷ್ಟ್ರೀಯ ನಿಯಮ ಬಂತು. ಕೆಂಪಾಪುರದ ಟೈಲ್ಸ್ ಅಂಗಡಿಯೊಂದರ ಮುಂದೆ ಒಟ್ಟಿದ್ದ ಮರದ ಪ್ಯಾಲೆಟ್ಟುಗಳನ್ನು ಮಾರನೆಯ ದಿನ ಬಗ್ಗಿ ನೋಡಿದೆ: ಸುಟ್ಟು ಒತ್ತಿದ ಗೋಧಿ ತೆನೆಯ ಮುದ್ರೆ, ಪಕ್ಕದಲ್ಲಿ ಎಚ್‌ಟಿ ಎಂಬ ಎರಡಕ್ಷರ. ಮರದ ತಿರುಳಿನವರೆಗೂ 56 ಡಿಗ್ರಿ ಸೆಲ್ಸಿಯಸ್ ಬಿಸಿ, ಕನಿಷ್ಠ 30 ನಿಮಿಷ ತಾಗಿಸಲಾಗಿದೆ ಎಂಬ ಭರವಸೆ ಅದು. ಅಂಗಡಿಯ ಹುಡುಗ ನನ್ನನ್ನು ಅನುಮಾನದಿಂದ ನೋಡುತ್ತಿದ್ದ. ಪ್ಯಾಲೆಟ್ ಕದಿಯಲು ಬಂದವನೆಂದುಕೊಂಡಿರಬೇಕು.

ದ್ವೀಪಗಳ ಉದ್ದಮೀಸೆಗಳ ಮಾತು ಬಂದರೆ ಆಲ್ಫ್ರೆಡ್ ರಸೆಲ್ ವಾಲೇಸ್‌ನನ್ನು ಬಿಟ್ಟು ಮುಂದೆ ಹೋಗಲಾಗದು. 1854ರಿಂದ 1862ರವರೆಗೆ ಮಲಯ ದ್ವೀಪಸಮೂಹದಲ್ಲಿ ಅಲೆದ ಆತ ಕೂಡಿಹಾಕಿದ 1,25,660 ಮಾದರಿಗಳಲ್ಲಿ 83,200 ಜೀರುಂಡೆಗಳೇ. 1857ರಲ್ಲಿ ನ್ಯೂಗಿನಿಯ ಪಕ್ಕದ ಅರೂ ದ್ವೀಪಗಳಲ್ಲಿ ತಿಂಗಳುಗಟ್ಟಲೆ ಇದ್ದ. ಮರುವರ್ಷ ಜೇಮ್ಸ್ ಥಾಮ್ಸನ್ ಎಂಬಾತ ಆ ಸೀಮೆಯ ದೈತ್ಯ ಉದ್ದಮೀಸೆಯೊಂದಕ್ಕೆ ವಾಲೇಸನ ಹೆಸರನ್ನೇ ಇಟ್ಟ: ಬಟೊಸೆರಾ ವಾಲೇಸಿ. ಕೆಂಪಾಪುರದ ಗೇಟಿನ ದೀಪದ ಕೆಳಗೆ ಕೂತಿದ್ದದ್ದರ ಹತ್ತಿರದ ಬಳಗ. ಗಂಡಿನ ಮೀಸೆ ಮೈಯ ಎರಡು ಪಟ್ಟಿಗೂ ಉದ್ದ. ವಾಲೇಸ್ ತಂದ ಉದ್ದಮೀಸೆಗಳನ್ನು ಸಾಲಾಗಿಟ್ಟು ವರ್ಣಿಸಿದವನು ಲಂಡನ್ನಿನ ಫ್ರಾನ್ಸಿಸ್ ಪ್ಯಾಸ್ಕೋ. 1864ರಿಂದ 1869ರವರೆಗೆ ಬಿಡದೆ ಬರೆದ. ಕಾಡಿನಲ್ಲಿ ಜ್ವರ ಬಂದು ಮಲಗಿದವನು ಒಬ್ಬ, ಹೆಸರಿಟ್ಟವನು ಮತ್ತೊಬ್ಬ.

ನಮ್ಮ ಅಂಡಮಾನ್ ನಿಕೋಬಾರ್‌ಗಳ ಕತೆಯೂ ಹೆಚ್ಚೂಕಡಿಮೆ ಇದೇ. 836 ದ್ವೀಪ, ನಡುಗಡ್ಡೆ, ಬಂಡೆಗಳ ಆ ಸಾಲಿನಿಂದ ಹಡಗು ಹತ್ತಿದ ಹುಳುಗಳು ಲಂಡನ್ ಸೇರಿದವು. ಚಾರ್ಲ್ಸ್ ಗೇಹನ್ 1906ರಲ್ಲಿ ಬ್ರಿಟಿಷ್ ಇಂಡಿಯಾದ ಉದ್ದಮೀಸೆಗಳ ಮೇಲೆ ಸಂಪುಟವೊಂದನ್ನು ತಂದ. ಕುಟುಂಬದ ಅತಿ ದೊಡ್ಡ ಶಾಖೆ ಅದರೊಳಗೆ ಬರಲೇ ಇಲ್ಲ. ನಮ್ಮ ಮಾವಿನ ಹುಳದ ಶಾಖೆಯೂ ಅದೇ. ಆಮೇಲೆ ಸ್ಟೀಫನ್ ಬ್ರೂನಿಂಗ್ ಎಂಬ ಯೂರೋಪಿನ ಹುಚ್ಚ ಒಬ್ಬನೇ ಕೂತು ಆ ಶಾಖೆಯ ಏಳು ಸಾವಿರಕ್ಕೂ ಹೆಚ್ಚು ಹೆಸರು ಕೊಟ್ಟ, ಎಷ್ಟೋ ಸಲ ನಾಲ್ಕೇ ಸಾಲಿನ ವರ್ಣನೆಯೊಂದಿಗೆ. ಅವನ ಗಂಟು ಬಿಡಿಸುವುದರಲ್ಲೇ ಈಗಿನವರ ಆಯುಷ್ಯ ಸವೆಯುತ್ತಿದೆ.

ಇಂಥ ಕೆಲಸ ನಮ್ಮ ಪಕ್ಕದಲ್ಲೂ ನಡೆಯುತ್ತದೆ. ಹೆಬ್ಬಾಳದ ಮೇಲ್ಸೇತುವೆ ದಾಟಿ ಮೇಖ್ರಿ ವೃತ್ತದ ಕಡೆ ಹೊರಟರೆ ಬಳ್ಳಾರಿ ರಸ್ತೆಯಲ್ಲೇ ರಾಷ್ಟ್ರೀಯ ಕೃಷಿ ಕೀಟ ಸಂಪನ್ಮೂಲ ಬ್ಯೂರೊ ಇದೆ. ಉತ್ತರಕ್ಕೆ ಜಿಕೆವಿಕೆಯ ಕೀಟಶಾಸ್ತ್ರ ವಿಭಾಗ. ಸಿ.ಎ. ವಿರಕ್ತಮಠರಂಥವರು ಜಿಗಿಹುಳುಗಳ ಲೋಕವನ್ನೇ ಬಿಡಿಸಿಟ್ಟ ಕೃಷಿ ವಿಶ್ವವಿದ್ಯಾಲಯ ಅದು. ಜಕ್ಕೂರಿನ ಪಕ್ಕ ಏಟ್ರೀ ಎಂಬ ಪರಿಸರ ಸಂಶೋಧನಾ ಸಂಸ್ಥೆ. ಅರುಣಾಚಲದ ಸಿಯಾಂಗ್ ಕಣಿವೆಯ ನೀಲಿ ಇರುವೆಗೆ 2024ರಲ್ಲಿ ‘ನೀಲಾ’ ಎಂಬ ಹೆಸರು ಕೊಟ್ಟ ತಂಡದ ಮನೆ. ಮೂರೂ ಕೆಂಪಾಪುರದಿಂದ ಆಟೊ ದೂರ, ಆಟೊದವರು ಬರಲು ಒಪ್ಪಿದರೆ. ಫ್ಲೈಓವರ್ ಮೇಲೆ ಸಿಗ್ನಲ್ಲಿಲ್ಲದೆಯೂ ನಿಂತೇ ಇರುವ ವಾಹನಗಳಿಗೆ, ಪಕ್ಕದ ಕಟ್ಟಡಗಳೊಳಗೆ ದೇಶದ ಮೂಲೆಮೂಲೆಯ ಹುಳುಗಳು ಹೆಸರಿಗಾಗಿ ಕಾದು ಕೂತಿವೆ ಎಂಬುದು ಗೊತ್ತಿಲ್ಲ.

ಹೆಸರಿಡುವ ಕೆಲಸ ಶುರುವಾಗುವುದು ಗುಂಡುಸೂಜಿಯಿಂದ. ಜೀರುಂಡೆಯಾದರೆ ಬಲಗಡೆಯ ರೆಕ್ಕೆಕವಚಕ್ಕೇ ಸೂಜಿ ಚುಚ್ಚಬೇಕು, ನಡುವಿಗಲ್ಲ. ನಡುವಿನ ಗುರುತುಗಳು ಹಾಳಾಗಬಾರದು. ಮೀಸೆಯ ಹನ್ನೊಂದು ಗಣ್ಣುಗಳನ್ನು ಒಂದೊಂದಾಗಿ ಸೂಕ್ಷ್ಮದರ್ಶಕದಡಿ ಅಳೆಯುತ್ತಾರೆ. ಪಾದದಲ್ಲಿ ನಾಲ್ಕೇ ಗಣ್ಣು ಕಾಣುತ್ತವೆ. ನಿಜಕ್ಕೂ ಇರುವುದು ಐದು, ನಾಲ್ಕನೆಯದು ಸಂದಿಯಲ್ಲಿ ಅವಿತಿರುತ್ತದೆ. ಬಣ್ಣವನ್ನು ನಂಬುವಂತಿಲ್ಲ, ಸತ್ತ ಮೇಲೆ ಕೇಸರಿ ಮಚ್ಚೆ ಮಾಸುತ್ತದೆ. ಹಾಗಾಗಿ ಗಂಡಿನ ಜನನಾಂಗವನ್ನು ಬಿಡಿಸಿ, ಕ್ಷಾರದ ದ್ರಾವಣದಲ್ಲಿ ಬೇಯಿಸಿ ಸ್ವಚ್ಛ ಮಾಡಿ ಹೋಲಿಸುತ್ತಾರೆ. ಹೋಲಿಸುವುದು ಯಾವುದರ ಜೊತೆ? ನೂರೈವತ್ತು ವರ್ಷದ ಹಿಂದೆ ಲಂಡನ್ನಿಗೋ ಪ್ಯಾರಿಸ್ಸಿಗೋ ಹೋದ ಮೂಲ ಮಾದರಿಯ ಜೊತೆ. ಅದರ ಫೋಟೊಗಾಗಿ ಪತ್ರ ಬರೆದು ಕಾಯಬೇಕು. ಬೇರೆಯೇ ಎಂದು ಖಚಿತವಾದ ಮೇಲೆ ಒಂದೇ ಒಂದು ಹುಳವನ್ನು ಆರಿಸಿ, ಸಾಮಾನ್ಯವಾಗಿ ಕೆಂಪು ಚೀಟಿ ಚುಚ್ಚುತ್ತಾರೆ. ಮುಂದೆ ಎಷ್ಟೇ ತಕರಾರು ಬಂದರೂ ಆ ಹೆಸರಿಗೆ ಸಾಕ್ಷಿ ಅದೊಂದೇ. 2002ರ ಜೀವವೈವಿಧ್ಯ ಕಾಯ್ದೆಯ ಪ್ರಕಾರ ಅದು ಸರ್ಕಾರ ಗುರುತಿಸಿದ ಭಂಡಾರದಲ್ಲೇ ಇರಬೇಕು. ಹೆಬ್ಬಾಳದ ಬ್ಯೂರೊ ಅಂಥ ಭಂಡಾರಗಳಲ್ಲೊಂದು.

ಕಾಯ್ದೆಯ ಉದ್ದೇಶ ಒಳ್ಳೆಯದೇ, ನಮ್ಮ ಸಂಪತ್ತನ್ನು ಪರದೇಶದ ಕಂಪನಿಗಳು ದೋಚಬಾರದು. ಆದರೆ ಸತ್ತ ಜೀರುಂಡೆಯೊಂದನ್ನು ಹೊರದೇಶದ ತಜ್ಞರಿಗೆ ಕಳಿಸುವುದೂ ಕಷ್ಟವಾಗಿದೆ. ಇಂಥ ಕಾಯ್ದೆಗಳ ಹಿಂದಿರುವ ಅಂತರರಾಷ್ಟ್ರೀಯ ಜೀವವೈವಿಧ್ಯ ಒಪ್ಪಂದದ ಬಿಗಿಯಿಂದ ಸಂಶೋಧನೆಯೇ ಸಾಯುತ್ತಿದೆ ಎಂದು 2018ರಲ್ಲಿ ‘ಸೈನ್ಸ್’ ಪತ್ರಿಕೆಯಲ್ಲಿ ಬರೆದವರ ಪೈಕಿ ಜಕ್ಕೂರಿನ ಏಟ್ರೀಯವರೂ ಇದ್ದರು. ಜೊತೆಗೆ ಸಹಿ ಹಾಕಿದವರು 35 ದೇಶಗಳ 172 ಮಂದಿ. ನನಗೂ ಅವರ ಮಾತೇ ಸರಿ ಎನಿಸುತ್ತದೆ. ಉದ್ದಮೀಸೆಗಳಿಗೆ ಕಳ್ಳಸಾಗಣೆಗಿಂತ ದೊಡ್ಡ ಶತ್ರು ಗರಗಸ.

ಹೆಸರು ಸಿಕ್ಕರೆ ಏನು ಲಾಭ ಎಂದು ಕೇಳುವವರನ್ನು ಕಾಫಿ ಬೋರ್ಡ್ ಲೇಔಟಿಗೇ ಕರೆತರಬೇಕು. ಮಲೆನಾಡಿನ ಅರೇಬಿಕಾ ಗಿಡಗಳನ್ನು ಒಣಗಿಸುವ ಬಿಳಿ ಕಾಂಡಕೊರಕವೂ ಇದೇ ಕುಟುಂಬದ ಉದ್ದಮೀಸೆ. 1863ರಲ್ಲಿ ಶೆವ್ರೊಲಾ ಅದಕ್ಕೆ ಹೆಸರಿಟ್ಟ. 1869ರಲ್ಲಿ ಜಾರ್ಜ್ ಬಿಡಿ ಕಾಫಿ ತೋಟಗಳ ಹಾವಳಿಯ ವರದಿ ಬರೆದ. ಹುಳ ಯಾವುದೆಂದು ಖಚಿತವಾಗಿದ್ದರಿಂದಲೇ ಅದರ ಗಂಡು ಸೂಸುವ ವಾಸನೆಯನ್ನು ಗುರುತಿಸಿ ಮೋಹಕ ಬಲೆ ತಯಾರಿಸಲು ಆಯಿತು. ಏಪ್ರಿಲ್–ಮೇನಲ್ಲಿ, ಮತ್ತೆ ಅಕ್ಟೋಬರ್‌ನಿಂದ ಡಿಸೆಂಬರ್‌ವರೆಗೆ ಹುಳ ಹಾರುವ ಕಾಲಕ್ಕೆ ಬಲೆ ಕಟ್ಟುವ ಬೆಳೆಗಾರ ಯಾರೋ ಬರೆದ ಒಂದು ಪುಟದ ವರ್ಣನೆಗೆ ಋಣಿ.

ಮಳೆಗಾಲದಲ್ಲಿ ನಿಮ್ಮ ಗೇಟಿನ ದೀಪಕ್ಕೂ ಉದ್ದಮೀಸೆ ಬಂದೀತು. ಅಂಡಮಾನಿಗೆ ಪ್ರವಾಸ ಹೋದಾಗ ಹೋಟೆಲಿನ ಗೋಡೆಯ ಮೇಲೂ ಕಂಡೀತು. ಹಿಡಿದು ತರಬೇಡಿ, ಅದಕ್ಕೆ ಅನುಮತಿ ಬೇಕು. ಮೇಲಿನಿಂದ ಒಂದು, ಪಕ್ಕದಿಂದ ಒಂದು ಫೋಟೊ ತೆಗೆಯಿರಿ. ಊರು, ತಾರೀಖು, ಕೂತಿದ್ದ ಮರದ ಹೆಸರು ಬರೆದಿಟ್ಟು ಹತ್ತಿರದ ಕೃಷಿ ವಿಶ್ವವಿದ್ಯಾಲಯದ ಕೀಟಶಾಸ್ತ್ರ ವಿಭಾಗಕ್ಕೆ ಕಳಿಸಿ. ಮರದ ಹೆಸರನ್ನಂತೂ ಬಿಡಬೇಡಿ. ಹಳೆಯ ಸಂಗ್ರಹಗಳ ಚೀಟಿಗಳಲ್ಲಿ ಅತಿ ಹೆಚ್ಚು ಖಾಲಿ ಉಳಿದಿರುವುದು ಅದೇ.