ಅಮ್ಮ ಗುರುತು ಹಿಡಿದ ದನಿ

2024ರ ಜುಲೈ 12, ಶುಕ್ರವಾರ. ವಿಜಯನಗರದಲ್ಲಿ ಮೆಟ್ರೋ ಹತ್ತಿ ಎಂದಿನಂತೆ ಬಾಗಿಲ ಪಕ್ಕದ ಕಂಬಿಗೆ ಒರಗಿ ನಿಂತು ಫೋನ್ ತೆಗೆದೆ. ಮೊದಲು ಕಂಡ ಸುದ್ದಿಯೇ ಅದು. ನಿರೂಪಕಿ, ನಟಿ ಅಪರ್ಣಾ ಹಿಂದಿನ ರಾತ್ರಿ ತೀರಿಕೊಂಡಿದ್ದರು. ಶ್ವಾಸಕೋಶದ ಕ್ಯಾನ್ಸರ್. ವಯಸ್ಸು 57. ಓದಿ ಮುಗಿಸುವಷ್ಟರಲ್ಲಿ ತಲೆಯ ಮೇಲಿನ ಸ್ಪೀಕರಿನಿಂದ ಅದೇ ಅಪರ್ಣಾ, ಮುಂದಿನ ನಿಲ್ದಾಣ ಯಾವುದು ಅಂತ ಹೇಳಿದರು. ನಿನ್ನೆ ಹೇಳಿದ ಹಾಗೆಯೇ, ಚೂರೂ ಅವಸರವಿಲ್ಲದೆ.

ಬೋಗಿಯಲ್ಲಿ ಹೆಚ್ಚಿನವರು ಫೋನ್ ನೋಡುತ್ತಿದ್ದರು. ಎದುರು ಸೀಟಿನಲ್ಲಿದ್ದ ಹೆಂಗಸೊಬ್ಬರು ಮಾತ್ರ ತಲೆಯೆತ್ತಿ ಸ್ಪೀಕರ್ ಕಡೆ ನೋಡಿದರು. ಅವರೂ ಅದೇ ಸುದ್ದಿ ಓದಿರಬೇಕು. ನನಗೆ ಆ ಕ್ಷಣಕ್ಕೆ ನೆನಪಾದದ್ದು ಅಪರ್ಣಾ ಅಲ್ಲ, ನಮ್ಮಮ್ಮ. ಆರು ವರ್ಷದ ಹಿಂದೆ ಇದೇ ಮೆಟ್ರೋದಲ್ಲಿ ನಾವಿಬ್ಬರೂ ಆಡಿದ ಜಗಳ.

2018ರಲ್ಲಿ ಅಮ್ಮ ಮೊದಲ ಸಲ ಮೆಟ್ರೋ ಹತ್ತಿದ್ದು. ತಿಪಟೂರಿನ ಹತ್ತಿರದ ನಮ್ಮ ಹಳ್ಳಿಯಿಂದ ಬಂದವಳು ಕಿಟಕಿಯ ಹೊರಗೆ ನೋಡ್ತಾಳೆ ಅಂದ್ಕೊಂಡಿದ್ದೆ. ಅವಳೋ ಕಿವಿ ನಿಮಿರಿಸಿ ಕೂತಿದ್ದಳು. ಎರಡನೇ ನಿಲ್ದಾಣಕ್ಕೆ ನನ್ನ ಕೈ ಹಿಡಿದು ಅಲುಗಾಡಿಸಿದಳು. "ಏ ಪುಟ್ಟಿ, ಇದು ನಮ್ ಅಪರ್ಣಾ ಅಲ್ವೇನೇ?"

"ಅಯ್ಯೋ, ಕಂಪ್ಯೂಟರ್ ಅಮ್ಮ ಅದು. ಯಾರೂ ಮಾತಾಡಲ್ಲ."

"ನಿಂಗೇನ್ ಗೊತ್ತು? ಆ ದನಿ ನಂಗೊತ್ತಿಲ್ವಾ?"

ಆಗ ನಾನು ಕೆಲಸಕ್ಕೆ ಸೇರಿ ಎರಡು ವರ್ಷ. ಗ್ರಾಹಕರಿಗೆ ಫೋನಿನಲ್ಲಿ ತಾನಾಗಿಯೇ ಮಾಹಿತಿ ಹೇಳುವ ಸಾಫ್ಟ್‌ವೇರ್ ನಮ್ಮ ಟೀಮಿನದು. ಅಕ್ಷರ ಕೊಟ್ಟರೆ ಯಂತ್ರವೇ ದನಿ ಹುಟ್ಟಿಸುತ್ತದೆ ಅನ್ನೋದನ್ನು ದಿನಾ ಕಣ್ಣಾರೆ ಕಾಣ್ತಿದ್ದೆ. ಇಂಜಿನಿಯರಿಂಗ್ ಓದಿದ ಗತ್ತಿನಲ್ಲಿ ಅಮ್ಮನಿಗೆ ದೊಡ್ಡ ಪಾಠವನ್ನೇ ಮಾಡಿದೆ. ಅವಳು ಮಾತು ಬೆಳೆಸಲಿಲ್ಲ. ಇಳಿಯುವಾಗ ಮಾತ್ರ, "ಯಂತ್ರಕ್ಕೆ ಹಿಂಗ್ ಹಕಾರ ಬರಲ್ಲ ಕಣೇ" ಅಂದಳು. ಅವಳು ಹೇಳಿದ್ದು ನಿಜ ಅಂತ ಎಷ್ಟೋ ದಿನದ ಮೇಲೆ ಎಲ್ಲೋ ಓದಿ ಗೊತ್ತಾಯ್ತು. ಆದರೂ ಫೋನ್ ಮಾಡಿ "ನೀನೇ ಸರಿ" ಅಂತ ಹೇಳಲಿಲ್ಲ.

ಹಕಾರದ ಮಾತಿಗೆ ಹಿನ್ನೆಲೆ ಇದೆ. ನಮ್ಮ ಕಡೆ ಹಾಲು ಅಂದ್ರೆ ಆಲು, ಹಬ್ಬ ಅಂದ್ರೆ ಅಬ್ಬ. ಅಮ್ಮನೂ ಹಾಗೇ ಮಾತಾಡಿ ಬೆಳೆದವಳು. ಎಸ್ಸೆಸ್ಸೆಲ್ಸಿ ಮುಗಿಸಿ, ಮದುವೆಯಾಗಿ, ಆಮೇಲೆ ಅಂಗನವಾಡಿ ಕಾರ್ಯಕರ್ತೆಯಾದಳು. ಊರ ಶಾಲೆಯ ರಾಜ್ಯೋತ್ಸವದಲ್ಲಿ ಒಮ್ಮೆ ಸ್ವಾಗತ ಮಾಡಲು ನಿಂತವಳು "ಆರ್ದಿಕ ಸ್ವಾಗತ" ಅಂದಾಗ, ವೇದಿಕೆಯ ಮೇಲಿದ್ದವರೇ ನಕ್ಕರಂತೆ. ಮನೆಗೆ ಬಂದು ಅತ್ತಳಂತೆ. ಮಾರನೇ ದಿನದಿಂದ ಅವಳಿಗೆ ಮೇಷ್ಟ್ರಾದವರು ದೂರದರ್ಶನ ಚಂದನದ ಅಪರ್ಣಾ.

ತೊಂಬತ್ತರ ದಶಕದ ಕೊನೆಯಲ್ಲಿ ನಮ್ಮ ಮನೆಯ ಕಪ್ಪುಬಿಳುಪು ಟಿವಿಗೆ ಸಿಗುತ್ತಿದ್ದದ್ದು ದೂರದರ್ಶನ ಮಾತ್ರ. ರೇಷ್ಮೆ ಸೀರೆ ಉಟ್ಟು, ನೇರ ನಮ್ಮನ್ನೇ ನೋಡುತ್ತಾ ಅಪರ್ಣಾ ಕಾರ್ಯಕ್ರಮ ನಿರೂಪಿಸುತ್ತಿದ್ದರು. ಅಮ್ಮ ಒಲೆ ಮುಂದೆ ಕೂತು ಅವರ ಮಾತನ್ನು ಮೆಲ್ಲಗೆ ಮರು ಹೇಳುತ್ತಿದ್ದಳು. ನನಗೂ ಕಲಿಸಿದಳು. "ಅಂಗೈ ಬಾಯಿ ಮುಂದೆ ಹಿಡ್ಕೊ. ಹಾ ಅನ್ನು. ಗಾಳಿ ಅಂಗೈಗೆ ತಾಗಬೇಕು. ತಾಗಲಿಲ್ಲ ಅಂದ್ರೆ ಅದು ಅಕಾರವೇ." ಹಾಲು, ಹೂವು, ಹಳ್ಳಿ, ಹರಿಹರ. ರಾತ್ರಿ ಊಟಕ್ಕೆ ಮುಂಚೆ ಇದೇ ನಮ್ಮ ಮಗ್ಗಿ. 1998ರ ದೀಪಾವಳಿ ಕಾರ್ಯಕ್ರಮಗಳನ್ನು ಅಪರ್ಣಾ ಸತತ ಎಂಟು ಗಂಟೆ ನಿರೂಪಿಸಿದ್ದು ದಾಖಲೆ ಅಂತ ಪತ್ರಿಕೆಗಳು ಬರೆದವು. ಅಮ್ಮನಿಗೆ ಆ ಲೆಕ್ಕವೆಲ್ಲ ಬೇಕಿರಲಿಲ್ಲ. "ಅಷ್ಟೊತ್ತು ಮಾತಾಡಿದ್ರೂ ಒಂದು ಅಕ್ಷರ ಸೋರಲ್ಲ" ಅನ್ನೋದಷ್ಟೇ ಅವಳ ಪ್ರಮಾಣಪತ್ರ.

ಬೆಂಗಳೂರಿನ ಕಾಲೇಜಿಗೆ ಬಂದಾಗ ನನ್ನ ಇಂಗ್ಲಿಷ್ ಕೇಳಿ ನಕ್ಕವರಿದ್ದರು. ಕನ್ನಡ ಕೇಳಿ ಯಾರೂ ನಗಲಿಲ್ಲ. ಆ ಧೈರ್ಯ ಎಲ್ಲಿಂದ ಬಂತು ಅಂತ ಯೋಚಿಸಿದ್ದೇ ಕಡಿಮೆ.

ಅಪರ್ಣಾ ನಟಿಯಾಗಿಯೇ ಶುರು ಮಾಡಿದವರು ಅನ್ನೋದು ನನ್ನ ವಯಸ್ಸಿನ ಹಲವರಿಗೆ ಗೊತ್ತಿಲ್ಲ. ಮೊದಲ ಸಿನಿಮಾ ಪುಟ್ಟಣ್ಣ ಕಣಗಾಲ್ ಅವರ 'ಮಸಣದ ಹೂವು', 1985. ಎದುರಿಗೆ ಅಂಬರೀಷ್, ಜಯಂತಿ. ಅಂಬರೀಷ್ ಅವರನ್ನೂ 1972ರ 'ನಾಗರಹಾವು' ಚಿತ್ರದಿಂದ ತೆರೆಗೆ ತಂದವರು ಇದೇ ಪುಟ್ಟಣ್ಣ. 'ಮಸಣದ ಹೂವು' ಪೂರ್ತಿಯಾಗುವ ಮೊದಲೇ ಪುಟ್ಟಣ್ಣ ತೀರಿಕೊಂಡರು. ಉಳಿದ ಭಾಗವನ್ನು ಕೆ.ಎಸ್.ಎಲ್. ಸ್ವಾಮಿ ಮುಗಿಸಿದರು. ಹದಿಹರೆಯ ದಾಟುವ ಹೊತ್ತಿಗೆ ಅಂಥ ನಿರ್ದೇಶಕರ ಕೊನೆಯ ಚಿತ್ರದಲ್ಲಿ ನಟಿಸಿದ ಹುಡುಗಿಗೆ ಮುಂದೆ ನಾಯಕಿಯರ ಸಾಲೇ ದಾರಿ ಅಂತ ಯಾರಾದರೂ ಅಂದುಕೊಳ್ಳಬೇಕು. 'ಇನ್‌ಸ್ಪೆಕ್ಟರ್ ವಿಕ್ರಂ' ಮುಂತಾದ ಸಿನಿಮಾಗಳೂ ಬಂದವು. ಆದರೆ ಅವರು ಗಟ್ಟಿಯಾಗಿ ನೆಲೆ ನಿಂತದ್ದು ಮೈಕಿನ ಮುಂದೆ. ಆಕಾಶವಾಣಿ, ದೂರದರ್ಶನ, ಸರ್ಕಾರದ ಸಮಾರಂಭಗಳು, ನೂರಾರು ವೇದಿಕೆಗಳು.

ನಿರೂಪಣೆ ಒಂಥರಾ ವಿಚಿತ್ರವಾದ ಕೆಲಸ. ಎಲ್ಲರಿಗಿಂತ ಮೊದಲು ವೇದಿಕೆಗೆ ಬರಬೇಕು. ಬಂದು ಇನ್ನೊಬ್ಬರ ಹೆಸರು ಹೇಳಿ ಪಕ್ಕಕ್ಕೆ ಸರಿಯಬೇಕು. ಹಾಡಿದವರು, ಪ್ರಶಸ್ತಿ ಪಡೆದವರು, ಭಾಷಣ ಮಾಡಿದವರು ನೆನಪಿರುತ್ತಾರೆ. ಕರೆದವರು ಯಾರು ಅಂತ ಬಹಳ ಜನ ಕೇಳುವುದಿಲ್ಲ. ಮೆಟ್ರೋ ಅದರ ಕೊನೆಯ ಮೆಟ್ಟಿಲು. ಅಲ್ಲಿ ಮುಖವೂ ಇಲ್ಲ, ಹೆಸರೂ ಇಲ್ಲ. ಲಕ್ಷಾಂತರ ಜನ ಆ ದನಿಯ ಮಾತು ಕೇಳಿ ಸರಿಯಾದ ಕಡೆ ಇಳಿದು ಹೋಗುತ್ತಾರೆ, ಅಷ್ಟೆ. ಇಂಥ ಕೆಲಸವನ್ನೂ ಅಷ್ಟು ಅಕ್ಕರೆಯಿಂದ ಮಾಡಿದ್ದರಿಂದಲೇ ಅಮ್ಮನಂಥವರು ಎರಡನೇ ನಿಲ್ದಾಣಕ್ಕೇ ಗುರುತು ಹಿಡಿದದ್ದು.

ಹಾಗಂತ ಅವರು ಗಂಭೀರವಾಗಿಯೇ ಉಳಿಯಲಿಲ್ಲ. 'ಮೂಡಲ ಮನೆ', 'ಮುಕ್ತ' ಧಾರಾವಾಹಿಗಳಲ್ಲಿ ನಟಿಸಿದರು. 2013ರಲ್ಲಿ ಕನ್ನಡದ ಮೊದಲ ಬಿಗ್ ಬಾಸ್ ಮನೆಗೆ ಹೋದರು. ಆಮೇಲೆ ಬಂತು 'ಮಜಾ ಟಾಕೀಸ್'. ಸೃಜನ್ ಲೋಕೇಶ್ ಅವರ ಆ ಹಾಸ್ಯ ಕಾರ್ಯಕ್ರಮದಲ್ಲಿ ಅಪರ್ಣಾ, 'ಒನ್ ಅಂಡ್ ಓನ್ಲಿ ವರಲಕ್ಷ್ಮಿ'. ಬಿನ್ನಾಣ, ಒಣ ಜಂಭ, ಏರುದನಿ. ಮೊದಲ ವಾರ ಅಮ್ಮ ಟಿವಿ ಆರಿಸಿಬಿಟ್ಟಳು. "ಇವರಿಗ್ಯಾಕೆ ಬೇಕಿತ್ತು ಇದು?" ತನ್ನ ಮೇಷ್ಟ್ರನ್ನು ಯಾರೋ ಸಂತೆಯಲ್ಲಿ ಕುಣಿಸಿದಷ್ಟು ಬೇಜಾರು ಅವಳಿಗೆ. ಮೂರನೇ ವಾರದ ಹೊತ್ತಿಗೆ ಹೊಟ್ಟೆ ಹಿಡಿದು ನಗುತ್ತಿದ್ದವಳೂ ಅವಳೇ. ಯಾಕಮ್ಮ ಬದಲಾದೆ ಅಂದರೆ, "ನೆಟ್ಟಗೆ ನಡೆಯೋಕೆ ಬರೋರು ಬೇಕೂಂತ ಕುಂಟಿದ್ರೆ ಚೆಂದ ಕಣೇ. ಬರದೇ ಇರೋರು ಕುಂಟಿದ್ರೆ ನಗೋಕಾಗುತ್ತಾ?" ಅಂದಳು. ವೇದಿಕೆಯಲ್ಲಿ ನಗೆಪಾಟಲಾದವಳ ಮಾತು ಅದು ಅಂತ ನನಗೆ ಆಗ ಹೊಳೆಯಲಿಲ್ಲ.

2024ರ ಮಾರ್ಚಿನಲ್ಲಿ ಅಮ್ಮನಿಗೆ ಥೈರಾಯ್ಡ್ ಆಪರೇಷನ್ ಆಯ್ತು. ಗಂಟು ಅಪಾಯದ್ದಲ್ಲ ಅಂತ ವರದಿ ಬಂದಾಗ ನಾವೆಲ್ಲ ಉಸಿರು ಬಿಟ್ಟೆವು. ಆದರೆ ಎಚ್ಚರವಾದ ಅಮ್ಮನಿಗೆ ದನಿಯೇ ಇರಲಿಲ್ಲ. ಧ್ವನಿಪೆಟ್ಟಿಗೆಗೆ ಹೋಗುವ ನರ ಥೈರಾಯ್ಡ್‌ಗೆ ಅಂಟಿಕೊಂಡ ಹಾಗೇ ಇರುತ್ತದಂತೆ. ಎಷ್ಟೇ ಜೋಪಾನ ಮಾಡಿದರೂ ಕೆಲವರಿಗೆ ಅದು ಪೆಟ್ಟು ತಿನ್ನುತ್ತದೆ, ತಿಂಗಳುಗಳ ಮೇಲೆ ಸರಿಹೋಗಬಹುದು, ಪೂರ್ತಿ ಹೋಗದೇ ಇರಬಹುದು ಅಂದರು ಡಾಕ್ಟರು. ಸಹಿ ಹಾಕುವ ಮುಂಚೆಯೇ ಅದನ್ನೆಲ್ಲ ಹೇಳಿದ್ದರು. ನಾನೇ 'ಆಯ್ತು' ಅಂತ ಸಹಿ ಹಾಕಿದ್ದೆ.

ಧ್ವನಿತಂತುಗಳೆರಡೂ ಸೇರಿದರೆ ಮಾತ್ರ ದನಿ. ಸೇರದೆ ಹೋದರೆ ಬರೀ ಗಾಳಿ. ಆಸ್ಪತ್ರೆಯ ಮಂಚದಲ್ಲಿ ಅಮ್ಮ ಅಂಗೈ ಬಾಯಿ ಮುಂದೆ ಹಿಡಿದು ಏನೋ ಹೇಳಿದಳು. ಬಗ್ಗಿ ಕೇಳಿದೆ. "ಈಗ ಎಲ್ಲಾ ಅಕ್ಷರಾನೂ ಹಕಾರವೇ ನೋಡು." ನಗಿಸಲು ಹೇಳಿದ್ದಳು. ನಾನು ಹೊರಗೆ ಹೋಗಿ ಅತ್ತು ಬಂದೆ.

ಅಂಗನವಾಡಿಗೆ ಮರಳಿದಾಗ ಮಕ್ಕಳು "ಟೀಚರ್ ಗುಟ್ಟು ಹೇಳ್ತಾವ್ರೆ" ಅಂತ ಹತ್ತಿರ ಬಂದು ಮುತ್ತಿಕೊಂಡವಂತೆ. ಒಂದು ವಾರ ಅದು ಆಟ. ಆಮೇಲೆ ಹಾಡು ಹೇಳಿಕೊಡಲಾಗದೆ, ಬೀದಿಗೆ ಓಡುವ ಮಗುವನ್ನು ಕೂಗಿ ಕರೆಯಲಾಗದೆ ಅಮ್ಮ ಸೋತಳು. ಸ್ತ್ರೀಶಕ್ತಿ ಸಂಘದ ಸಭೆಗೆ ಹೋಗುವುದನ್ನೇ ನಿಲ್ಲಿಸಿದಳು. ನಾನು ಫೋನ್ ಮಾಡಿದರೆ ಅಪ್ಪನ ಕೈಗೆ ಕೊಡುತ್ತಿದ್ದಳು.

ಇಂಥ ಹೊತ್ತಲ್ಲೇ ಅಪರ್ಣಾ ಅವರ ಸುದ್ದಿ ಬಂದದ್ದು. ಅವರ ಪತಿ, ವಾಸ್ತುಶಿಲ್ಪಿ ಮತ್ತು ಲೇಖಕ ನಾಗರಾಜ ವಸ್ತಾರೆ ಹೇಳಿದ್ದು ಓದಿದೆ. ಕಾಯಿಲೆ ಗೊತ್ತಾಗಿದ್ದು ಎರಡು ವರ್ಷದ ಹಿಂದೆ, ಆಗಲೇ ನಾಲ್ಕನೇ ಹಂತ. ವೈದ್ಯರು ಕೊಟ್ಟದ್ದು ಆರು ತಿಂಗಳ ಗಡುವು. ಅಪರ್ಣಾ ಬದುಕುತ್ತೇನೆ ಅನ್ನುವ ಛಲದಲ್ಲಿ ಎರಡು ವರ್ಷ ದಾಟಿಸಿದ್ದರು. ನಮ್ಮಂಥ ಬಹುತೇಕ ಪ್ರೇಕ್ಷಕರಿಗೆ ಅದರ ಸುಳಿವೇ ಇರಲಿಲ್ಲ.

ಅಮ್ಮನಿಗೆ ಹೇಳಬೇಡ ಅಂತ ಅಪ್ಪನಿಗೆ ಮೆಸೇಜ್ ಹಾಕಿದೆ. ಉತ್ತರ ಬಂದದ್ದು ಅಮ್ಮನ ನಂಬರಿನಿಂದ. ಬೆಳಗ್ಗೆಯೇ ಟಿವಿಯಲ್ಲಿ ನೋಡಿದ್ದಳು. ಟೈಪ್ ಮಾಡಿ ಕಳಿಸಿದ್ದಳು: "ಅವರದು ಮೆಟ್ರೋದಲ್ಲಾದರೂ ಉಳಿಯಿತು."

ಅದರ ಅರ್ಥ ತಲೆಗೆ ಹೋಗುವಷ್ಟರಲ್ಲಿ ಇಂದಿರಾನಗರ ಬಂದಿತ್ತು. ಆ ದಿನ ಆಫೀಸಿನಲ್ಲಿ ಕೆಲಸ ಸಾಗಲಿಲ್ಲ. ಫೋನು, ಲ್ಯಾಪ್‌ಟಾಪು, ಹಳೇ ಹಾರ್ಡ್ ಡಿಸ್ಕು ಎಲ್ಲ ಜಾಲಾಡಿದೆ. ಸಾವಿರಾರು ಫೋಟೋ. ಅಮ್ಮ ಅಡುಗೆ ಮಾಡುತ್ತಿರುವುದು, ತೋಟದಲ್ಲಿ ನಿಂತಿರುವುದು, ನನ್ನ ಘಟಿಕೋತ್ಸವದ ಟೋಪಿ ಹಾಕಿಕೊಂಡಿರುವುದು. ದನಿ ಮಾತ್ರ ಎಲ್ಲೂ ಇಲ್ಲ. ದನಿಯ ಸಾಫ್ಟ್‌ವೇರ್ ಬರೆಯುವವಳ ಹತ್ತಿರ ಅಮ್ಮನ ದನಿಯೇ ಇಲ್ಲ. ಇಪ್ಪತ್ತು ವರ್ಷ ಊರಿನ ಎಲ್ಲ ಸಮಾರಂಭ ನಿರೂಪಿಸಿದವಳು. ಒಂದನ್ನೂ ನಾನು ರೆಕಾರ್ಡ್ ಮಾಡಿರಲಿಲ್ಲ.

ಕೊನೆಗೆ ವಾಟ್ಸ್‌ಆಪ್‌ನಲ್ಲಿ ಸಿಕ್ಕಿತು. 2022ರ ಒಂದು ವಾಯ್ಸ್ ಮೆಸೇಜ್, 41 ಸೆಕೆಂಡ್. ಹುಣಸೆಹಣ್ಣು, ಹುರಿಗಡಲೆ, ಹಪ್ಪಳ ಬಸ್ಸಿನಲ್ಲಿ ಕಳಿಸಿದ್ದೀನಿ, ಹೋಗಿ ತಗೋ ಅಂತ. ಅಂದು ಅದನ್ನು ಪೂರ್ತಿ ಕೇಳಿಯೂ ಇರಲಿಲ್ಲ. ಈಗ ಕೇಳಿದೆ. ಹುಣಸೆ, ಹುರಿಗಡಲೆ, ಹಪ್ಪಳ, ಹೋಗಿ. ಒಂದು ಹಕಾರವೂ ಸೋರಿರಲಿಲ್ಲ. ಮೂರು ಕಡೆ ಕಾಪಿ ಮಾಡಿಟ್ಟೆ. ಆಮೇಲೆ ಮತ್ತೆ ಊರಿಗೆ ಫೋನ್ ಮಾಡಿ, ಅಪ್ಪನಿಗೆ ಕೊಡಬೇಡ ಅಂತ ಹಟ ಹಿಡಿದು, ಆರು ವರ್ಷದಿಂದ ಬಾಕಿಯಿದ್ದ ಮಾತನ್ನು ಹೇಳಿದೆ. "ಅಮ್ಮ, ಅವತ್ತು ನೀನು ಹೇಳಿದ್ದೇ ಸರಿ." ಆ ಕಡೆಯಿಂದ ಬರೀ ಗಾಳಿ. ನಗುತ್ತಿದ್ದಳು ಅಂತ ಗೊತ್ತಾಯ್ತು.

ಅಮ್ಮ ವಾಕ್ ಚಿಕಿತ್ಸೆಗೆ ಒಪ್ಪಿದ್ದು ಅದಾದ ಮೇಲೆ. ತಿಂಗಳಿಗೆರಡು ಸಲ ಬೆಂಗಳೂರಿಗೆ ಬರುವುದು, ಮಿಕ್ಕ ದಿನ ಮನೆಯಲ್ಲೇ ಅಭ್ಯಾಸ. ದೀರ್ಘವಾಗಿ 'ಆ' ಅನ್ನುವುದು, ಒಂದರಿಂದ ಹತ್ತು ಎಣಿಸುವುದು. ಅದರ ಜೊತೆಗೆ ಅವಳೇ ಸೇರಿಸಿಕೊಂಡ ಒಂದು ಪಾಠ ಇತ್ತು. ಯೂಟ್ಯೂಬಿನಲ್ಲಿ ಅಪರ್ಣಾ ಅವರ ಹಳೇ ನಿರೂಪಣೆ ಹಾಕಿಕೊಂಡು ಮರು ಹೇಳುವುದು. ಇಪ್ಪತ್ತೈದು ವರ್ಷದ ಹಿಂದೆ ಒಲೆ ಮುಂದೆ ಕೂತು ಮಾಡಿದಂತೆಯೇ.

ಡಿಸೆಂಬರಿನಲ್ಲಿ ಡಾಕ್ಟರ್ ಭೇಟಿಗೆ ಬಂದಾಗ ಮೆಟ್ರೋದಲ್ಲೇ ಕರೆದುಕೊಂಡು ಹೋದೆ. ದನಿ ಮುಕ್ಕಾಲು ಪಾಲು ಮರಳಿದೆ. ಮೊದಲಿನ ಕಂಚಿನ ಕಂಠ ಅಲ್ಲ, ಸ್ವಲ್ಪ ಒರಟು. ಮಕ್ಕಳನ್ನು ಕೂಗಿ ಕರೆಯಲು ಸಾಕು. ಜನ ತುಂಬಿದ್ದರು. ನಾವು ಬಾಗಿಲ ಬಳಿ ನಿಂತಿದ್ದೆವು. ಸ್ಪೀಕರಿನಲ್ಲಿ ಅಪರ್ಣಾ ನಿಲ್ದಾಣದ ಹೆಸರು ಹೇಳುವಾಗಲೆಲ್ಲ ಅಮ್ಮನೂ ಅಂಗೈ ಬಾಯಿ ಮುಂದೆ ಹಿಡಿದು, ಅವರ ಜೊತೆ ಜೊತೆಗೇ ಹೇಳುತ್ತಿದ್ದಳು. ಹೊಸಹಳ್ಳಿ. ಮಾಗಡಿ ರಸ್ತೆ. ಪಕ್ಕದಲ್ಲಿದ್ದ ಹುಡುಗನೊಬ್ಬ ಇಯರ್‌ಫೋನ್ ತೆಗೆದು ನೋಡಿದ. ಅಮ್ಮ ಲೆಕ್ಕಿಸಲಿಲ್ಲ.

ಇಳಿಯುವ ನಿಲ್ದಾಣ ಬಂತು. ಬಾಗಿಲು ತೆರೆಯಿತು. ಅಮ್ಮ ಮೊಣಕೈಯಿಂದ ನನ್ನ ಪಕ್ಕೆಗೆ ತಿವಿದು, ಬೋಗಿಯವರಿಗೆಲ್ಲ ಕೇಳುವ ಹಾಗೆ ಅಂದಳು:

"ಕಂಪ್ಯೂಟರಂತೆ ಕಂಪ್ಯೂಟರು!"